ಬೌದ್ಧ ಧ್ಯಾನದಲ್ಲಿ ಪೀತಿ ಮತ್ತು ಸುಖ

ಕಠೋರ ತಪಸ್ಸಿನಿಂದ ದೇಹವು ಕೃಶವಾದರೂ ಬೋಧಿಯು ಲಭಿಸದಿದ್ದಾಗ ಗೌತಮನಿಗೆ ಬಾಲ್ಯದ ಪ್ರಸಂಗವೊಂದು ಸ್ಮರಣೆಗೆ ಬಂದಿತೆಂದು ಮಜ್ಝಿಮನಿಕಾಯದ ಮಹಾಸಚ್ಚಕ ಸುತ್ತವು ತಿಳಿಸುತ್ತದೆ. ತಂದೆಯು ಕಾರ್ಯಮಗ್ನನಾಗಿದ್ದಾಗ ನೇರಳೆ ಮರದ ತಂಪಿನಲ್ಲಿ ಕುಳಿತು ಅನುಭವಿಸಿದ ಪ್ರಥಮ ಧ್ಯಾನದ ಆನಂದವದು. ಕಾಮದ ಸೋಂಕಿಲ್ಲದ ಈ ಸುಖಕ್ಕೆ ತಾನೇಕೆ ಅಂಜಬೇಕು? ಈ ಪ್ರಶ್ನೆಯೇ ಆತನ ಮಾರ್ಗವನ್ನು ಬದಲಿಸಿತು; ಆಹಾರವನ್ನು ಸ್ವೀಕರಿಸಿ ಧ್ಯಾನಸ್ಥನಾದನು.

ಕ್ರಿ.ಶ. 5ನೆಯ ಶತಮಾನದಲ್ಲಿ ಸಿಂಹಳದಲ್ಲಿ ‘ವಿಸುದ್ಧಿಮಗ್ಗ’ವನ್ನು ರಚಿಸಿದ ಬುದ್ಧಘೋಷನು ಇವೆರಡರ ಭೇದವನ್ನು ವಿವರಿಸುತ್ತಾನೆ: ಮರುಭೂಮಿಯಲ್ಲಿ ಬಳಲಿದವನಿಗೆ ನೀರು ಕಂಡಾಗಿನ ಹರ್ಷವು ಪೀತಿ, ನೀರನ್ನು ಸೇವಿಸಿದಾಗಿನ ತೃಪ್ತಿಯು ಸುಖ. ಆದರೆ ಇವು ಪರಮ ಗುರಿಯಲ್ಲ. ತೃತೀಯ ಧ್ಯಾನದಲ್ಲಿ ಪೀತಿಯೂ ಚತುರ್ಥದಲ್ಲಿ ಸುಖವೂ ಅಡಗಿ, ಪರಿಶುದ್ಧ ಉಪೇಕ್ಷೆಯು ಉಳಿಯುತ್ತದೆ. ಆನಂದಕ್ಕೆ ಅಂಜದೆ, ಅದಕ್ಕೆ ಅಂಟಿಕೊಳ್ಳದೆ ಸಾಗುವ ಈ ವಿವೇಕವು ಸಾಧಕರೆಲ್ಲರಿಗೂ ಮನನಯೋಗ್ಯವಾಗಿದೆ.