ಕೀನ್ಯಾ ಸಫಾರಿ: ಹಳದಿ ಜ್ವರದ ಲಸಿಕೆಯನ್ನು 10 ವರ್ಷಕ್ಕೊಮ್ಮೆ ಹಾಕಿಸಬೇಕೇ?

ಮಸಾಯಿ ಮಾರಾದಲ್ಲಿ ವನ್ಯಮೃಗಗಳ ಮಹಾವಲಸೆ ನೋಡಲು ಜುಲೈನಿಂದ ಅಕ್ಟೋಬರ್ ಒಳ್ಳೆಯ ಕಾಲ. ಟಿಕೆಟ್ ಮಾಡಿಸುವಾಗಲೇ ಹಳದಿ ಜ್ವರದ ಲಸಿಕೆಯ ದಿನವನ್ನೂ ಗೊತ್ತುಮಾಡಿಕೊಳ್ಳಿ.

ಹೇಳಿಕೆ: ಲಸಿಕೆಯ ಪ್ರಮಾಣಪತ್ರ 10 ವರ್ಷಕ್ಕೆ ಮುಗಿಯುತ್ತದೆ.
ವಾಸ್ತವ: ಇದು ಹಳೆಯ ನಿಯಮ. 2016ರ ಜುಲೈ 11ರಿಂದ ಪ್ರಮಾಣಪತ್ರ ಜೀವನಪೂರ್ತಿ ಮಾನ್ಯ. ಅದಕ್ಕೂ ಮೊದಲು ಪಡೆದ ಕಾರ್ಡಿಗೂ ಇದು ಅನ್ವಯಿಸುತ್ತದೆ.

ಹೇಳಿಕೆ: ಹೊರಡುವ ಹಿಂದಿನ ದಿನ ಹಾಕಿಸಿಕೊಂಡರೂ ಸಾಕು.
ವಾಸ್ತವ: ಸಾಲದು. ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯಲು ಸಮಯ ಬೇಕು. ಮೊದಲ ಬಾರಿ ಲಸಿಕೆ ಪಡೆದವರ ಪ್ರಮಾಣಪತ್ರ 10 ದಿನಗಳ ನಂತರವೇ ಜಾರಿಗೆ ಬರುತ್ತದೆ.

ಹೇಳಿಕೆ: ಭಾರತದಲ್ಲಿ ಈ ರೋಗವೇ ಇಲ್ಲ, ವಾಪಸ್ ಬರುವಾಗ ಯಾರೂ ಕೇಳುವುದಿಲ್ಲ.
ವಾಸ್ತವ: ರೋಗ ಇಲ್ಲದಿರುವುದಕ್ಕೇ ಇಷ್ಟು ಕಟ್ಟುನಿಟ್ಟು. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡಬಲ್ಲದು, ಅದು ನಮ್ಮ ಮನೆಯಂಗಳದಲ್ಲೇ ಇದೆ. ಸೋಂಕಿತರೊಬ್ಬರು ಬಂದರೂ ಅಪಾಯ. ಹಾಗಾಗಿ ಕೀನ್ಯಾದಿಂದ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ನೆನಪಿಡಿ: ಸರ್ಕಾರ ಅನುಮತಿಸಿದ ಕೇಂದ್ರದಲ್ಲೇ ಲಸಿಕೆ ಹಾಕಿಸಿ, ಹೋಗುವಾಗ ಪಾಸ್‌ಪೋರ್ಟ್ ಒಯ್ಯಿರಿ. ಗರ್ಭಿಣಿಯರು, 60 ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಲೇಬೇಕು. 9 ತಿಂಗಳೊಳಗಿನ ಶಿಶುಗಳಿಗೆ ಸಾಮಾನ್ಯವಾಗಿ ಈ ಲಸಿಕೆ ಕೊಡುವುದಿಲ್ಲ. ಇದು ಮಲೇರಿಯಾವನ್ನು ತಡೆಯುವುದಿಲ್ಲ, ಅದರ ಮಾತ್ರೆ ಬೇರೆ. ಸೊಳ್ಳೆ ಪರದೆ, ಉದ್ದ ತೋಳಿನ ಅಂಗಿ ಎರಡಕ್ಕೂ ಬೇಕು.