ದಾರಿ ಮಾಡಿಕೊಡುವ ದಂಡು: ಮದ್ರಾಸ್ ಸ್ಯಾಪರ್ಸ್

ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಭಾರತೀಯ ಸೇನೆಯ ಅತಿ ಹಳೆಯ ಎಂಜಿನಿಯರ್ ಪಡೆ. 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಎರಡು ಪಯನಿಯರ್ ತುಕಡಿಗಳೇ ಇದರ ಮೂಲ. 1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ಈ ಪಯನಿಯರರೂ ಇದ್ದರು. ನಮ್ಮ ನಾಡಿನ ಮಟ್ಟಿಗೆ ಇದು ನೋವಿನ ನಂಟು.

ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆಯುವುದು, ಶತ್ರುವಿನ ತಡೆಗಳನ್ನು ಒಡೆಯುವುದು ಸ್ಯಾಪರ್ ಎಂದು ಕರೆಯುವ ಈ ಪಡೆಯ ಯೋಧನ ಕೆಲಸ. ಕಾಲಾಳುಗಳು ಮುನ್ನುಗ್ಗುವ ಮೊದಲೇ, ಗುಂಡಿನ ಮಳೆಯ ನಡುವೆ ಅವನು ಅಲ್ಲಿರಬೇಕು.

1912ರಲ್ಲಿ ಈ ಪಡೆಯ ಕ್ಯಾಪ್ಟನ್ ಮ್ಯಾಕ್ಲಿಂಟಾಕ್ ಬೆಂಗಳೂರಿನಲ್ಲಿ ರೂಪಿಸಿದ ಸಾಧನವೇ ‘ಬೆಂಗಳೂರು ಟಾರ್ಪೆಡೊ’. ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಅಡಿಗೆ ದೂಡುತ್ತಾರೆ. ಸಿಡಿದಾಗ ತಂತಿ ಹರಿದು, ಸೈನಿಕರು ನುಗ್ಗುವಷ್ಟು ದಾರಿ ತೆರೆಯುತ್ತದೆ. ದೂಡುವವನು ಮಾತ್ರ ದೂರದ ಆಸರೆಯಲ್ಲೇ ಇರಬಹುದು. ಎರಡೂ ಮಹಾಯುದ್ಧಗಳಲ್ಲಿ, 1944ರ ನಾರ್ಮಂಡಿ ದಾಳಿಯಲ್ಲೂ ಇದು ಬಳಕೆಯಾಯಿತು.

ಇಲ್ಲಿನ ಯೋಧರನ್ನು ಸೇನೆಯಲ್ಲಿ ‘ತಂಬಿ’ಗಳೆಂದೇ ಅಕ್ಕರೆಯಿಂದ ಕರೆಯುತ್ತಾರೆ. ಅವರಲ್ಲಿ ಸುಬೇದಾರ್ ಸುಬ್ರಮಣಿಯನ್ ಹೆಸರನ್ನು ಇಲ್ಲಿಗೆ ಬಂದವರೆಲ್ಲ ತಿಳಿದಿರಬೇಕು. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊದಲ್ಲಿ ಸಂಗಾತಿಗಳನ್ನು ಉಳಿಸಲು ಅವರು ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಮ್ಮ ಮೈಯನ್ನೇ ಒಡ್ಡಿದರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಸಂದಿತು.