ಎರಡು ಪೆನ್ಸ್‌ನ ಜಗಳ

1930ರ ಜನವರಿಯಲ್ಲಿ ಗಾಂಧೀಜಿ ಬ್ರಿಟಿಷ್ ಸರ್ಕಾರದ ಮುಂದೆ ಹನ್ನೊಂದು ಬೇಡಿಕೆಗಳನ್ನಿಟ್ಟರು. ಉಪ್ಪಿನ ಕರ ರದ್ದಾಗಬೇಕು, ಭೂಕಂದಾಯ ಅರ್ಧಕ್ಕೆ ಇಳಿಯಬೇಕು, ಪಾನನಿಷೇಧ ಬರಬೇಕು ಎಂಬುವು ಪಠ್ಯಪುಸ್ತಕದಿಂದ ನಮಗೆಲ್ಲ ಗೊತ್ತು. ಅದೇ ಪಟ್ಟಿಯಲ್ಲಿ ಯಾರೂ ನೆನಪಿಟ್ಟುಕೊಳ್ಳದ ಇನ್ನೊಂದು ಬೇಡಿಕೆಯೂ ಇದೆ: ರೂಪಾಯಿಯ ವಿನಿಮಯ ದರವನ್ನು ಒಂದು ಶಿಲ್ಲಿಂಗ್ ನಾಲ್ಕು ಪೆನ್ಸ್‌ಗೆ ಇಳಿಸಬೇಕು.

ಕಳೆದ ವರ್ಷ ಪದವಿ ತರಗತಿಯೊಂದಕ್ಕೆ ಪಾಠ ಮಾಡುವಾಗ ಈ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: “ಸರ್, ನಮ್ಮ ರೂಪಾಯಿ ಬೆಲೆ ಕಡಿಮೆ ಮಾಡಿ ಅಂತ ನಾವೇ ಯಾಕೆ ಕೇಳಿದ್ವಿ?” ಅವತ್ತು ನಾನು ಕೊಟ್ಟ ಉತ್ತರ ಅರ್ಧ ಮಾತ್ರ ಸರಿಯಿತ್ತು. ಉಳಿದ ಅರ್ಧಕ್ಕಾಗಿ ಈ ಬರಹ.

ಕಥೆ ಬೆಳ್ಳಿಯಿಂದ ಶುರುವಾಗುತ್ತದೆ. ರೂಪಾಯಿ ಬೆಳ್ಳಿಯ ನಾಣ್ಯ, ಪೌಂಡ್ ಚಿನ್ನದ್ದು. 1870ರ ಸುಮಾರಿಗೆ ಒಂದು ರೂಪಾಯಿಗೆ ಹೆಚ್ಚುಕಡಿಮೆ ಎರಡು ಶಿಲ್ಲಿಂಗ್, ಅಂದರೆ 24 ಪೆನ್ಸ್ ಸಿಗುತ್ತಿತ್ತು. ಆಮೇಲೆ ಜರ್ಮನಿ ಚಿನ್ನದ ನಾಣ್ಯಕ್ಕೆ ಬದಲಾಗಿ ತನ್ನ ಬೆಳ್ಳಿಯನ್ನು ಮಾರತೊಡಗಿತು. ಅಮೆರಿಕದ ನೆವಾಡದ ಗಣಿಗಳಿಂದಲೂ ಬೆಳ್ಳಿ ಹರಿದು ಬಂತು. ಬೆಳ್ಳಿ ಅಗ್ಗವಾದಂತೆ ರೂಪಾಯಿಯೂ ಕುಸಿಯಿತು. ಲಂಡನ್ನಿನಲ್ಲಿ ಪೌಂಡಿನಲ್ಲೇ ಕಟ್ಟಬೇಕಿದ್ದ ಸಾಲದ ಬಡ್ಡಿ, ಅಧಿಕಾರಿಗಳ ಪಿಂಚಣಿ, ಇಂಡಿಯಾ ಆಫೀಸಿನ ಖರ್ಚು, ಇವೆಲ್ಲಕ್ಕೆ ಭಾರತ ಸರ್ಕಾರ ವರ್ಷವರ್ಷವೂ ಹೆಚ್ಚು ರೂಪಾಯಿ ಸುರಿಯಬೇಕಾಯಿತು. ‘ಹೋಮ್ ಚಾರ್ಜಸ್’ ಎಂದು ಕರೆಯುತ್ತಿದ್ದ ಈ ಲೆಕ್ಕವೇ ಸರ್ಕಾರದ ನಿದ್ದೆ ಕೆಡಿಸಿದ್ದು. 1893ರಲ್ಲಿ ಸರ್ಕಾರ, ಯಾರು ಬೇಕಾದರೂ ಬೆಳ್ಳಿ ತಂದು ಟಂಕಸಾಲೆಯಲ್ಲಿ ರೂಪಾಯಿ ಮಾಡಿಸಿಕೊಳ್ಳುವ ಅವಕಾಶವನ್ನು ನಿಲ್ಲಿಸಿತು. ನಾಣ್ಯದ ಪೂರೈಕೆ ಬಿಗಿಯಾಯಿತು. 13 ಪೆನ್ಸ್‌ವರೆಗೆ ಇಳಿದಿದ್ದ ರೂಪಾಯಿ 1898ರ ಹೊತ್ತಿಗೆ 16 ಪೆನ್ಸ್‌ಗೆ ಏರಿ ನಿಂತಿತು. ಪೌಂಡಿಗೆ ಹದಿನೈದು ರೂಪಾಯಿ.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ದುಬಾರಿಯಾಗಿ ಈ ದರ ಮುರಿಯಿತು. 1920ರಲ್ಲಿ ಎರಡು ಶಿಲ್ಲಿಂಗ್ ದರ ನಿಲ್ಲಿಸಲು ಹೋಗಿ ಸರ್ಕಾರ ಕೈಸುಟ್ಟುಕೊಂಡಿತು. ಕೊನೆಗೆ ಹಿಲ್ಟನ್ ಯಂಗ್ ಆಯೋಗ 18 ಪೆನ್ಸ್ ಎಂದಿತು. ಆಯೋಗದ ಸದಸ್ಯರೇ ಆದ ಮುಂಬಯಿಯ ಪುರುಷೋತ್ತಮದಾಸ್ ಠಾಕೂರದಾಸ್ 16 ಪೆನ್ಸೇ ಇರಲಿ ಎಂದು ಭಿನ್ನಮತ ಬರೆದರು. 1927ರ ಕಾನೂನು 18 ಪೆನ್ಸನ್ನೇ ಗಟ್ಟಿ ಮಾಡಿತು. ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ.

ಇಡೀ ಜಗಳ ಎರಡು ಪೆನ್ಸ್‌ನದು. ಧಾರವಾಡದ ಕಡೆಯ ಹತ್ತಿಯ ಲೆಕ್ಕದಲ್ಲಿ ಅದನ್ನು ನೋಡಿ. ಹತ್ತಿಯ ಬೆಲೆ ತೀರ್ಮಾನವಾಗುತ್ತಿದ್ದುದು ಹೊರಗಿನ ಪೇಟೆಗಳಲ್ಲಿ. ಅಲ್ಲಿ ಒಂದು ಪೌಂಡಿಗೆ ಮಾರಿದ ಹತ್ತಿಗೆ 16 ಪೆನ್ಸ್ ದರದಲ್ಲಿ 15 ರೂಪಾಯಿ ಬರುತ್ತದೆ. 18 ಪೆನ್ಸ್ ದರದಲ್ಲಿ ಅದಕ್ಕಿಂತ 1 ರೂಪಾಯಿ 10 ಆಣೆ 8 ಪೈ ಕಡಿಮೆ. ಆದರೆ ರೈತ ಕಟ್ಟುವ ಕಂದಾಯ, ಸಾಹುಕಾರನ ಸಾಲ ಎರಡೂ ರೂಪಾಯಿಯಲ್ಲೇ ಬರೆದಿಟ್ಟವು. ಅವು ಒಂದು ಪೈಯೂ ಇಳಿಯುವುದಿಲ್ಲ. ಅತ್ತ ಸಂಬಳವನ್ನು ಪೌಂಡಿಗೆ ಬದಲಿಸಿಕೊಳ್ಳುವ ಬಿಳಿಯ ಅಧಿಕಾರಿಗೂ, ಮ್ಯಾಂಚೆಸ್ಟರಿನ ಬಟ್ಟೆ ತಂದು ಮಾರುವವನಿಗೂ 18 ಪೆನ್ಸ್ ಲಾಭ. ತರಗತಿಯಲ್ಲಿ ನಾನು ಹೇಳಿದ್ದು ಇಷ್ಟೇ. ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲೂ ಹಾಗೇ ಬರೆದಿದ್ದೆ: ‘18 ಪೆನ್ಸ್ ದೇಶಕ್ಕೆ ನಷ್ಟ.’

ಮಾರ್ಗದರ್ಶಕರು ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೇ ಮಾತು ಬರೆದಿದ್ದರು: “ದೇಶ ಅಂದರೆ ಯಾರು? ಅಂಬೇಡ್ಕರ್ ಓದಿ.”

ಓದಿದೆ. ಅಂಬೇಡ್ಕರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಡಿ.ಎಸ್ಸಿ. ಪದವಿಗೆ ಬರೆದ ಪ್ರಬಂಧ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಎಂಬ ಹೆಸರಿನಲ್ಲಿ 1923ರಲ್ಲಿ ಪುಸ್ತಕವಾಯಿತು. ರೂಪಾಯಿ ಇಳಿದರೆ ರಫ್ತಿಗೆ ಲಾಭ ಎನ್ನುವವರಿಗೆ ಅವರ ಪ್ರಶ್ನೆ ನೇರವಾದದ್ದು: ಆ ಲಾಭ ಬರುವುದು ಎಲ್ಲಿಂದ? ರೂಪಾಯಿ ಇಳಿದಾಗ ಒಳಗಿನ ಬೆಲೆಗಳು ಏರುತ್ತವೆ, ಕೂಲಿ ಅಷ್ಟು ಬೇಗ ಏರುವುದಿಲ್ಲ. ಹಾಗಾದರೆ ಅದು ನಾಡಿನ ಲಾಭವಲ್ಲ. ದುಡಿಯುವವರ ಕೈಯಿಂದ ಮಾಲೀಕರ ಕೈಗೆ ಜಾರಿದ ದುಡ್ಡು.

ಇದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ನನ್ನ ಅಜ್ಜಿಯ ತಾಯಿ. ನಮ್ಮ ಮನೆತನಕ್ಕೆ ಆಗ ಹೊಲ ಇರಲಿಲ್ಲ. ಆಕೆ ಬೇರೆಯವರ ಹೊಲಕ್ಕೆ ಹತ್ತಿ ಬಿಡಿಸಲು ಹೋಗುತ್ತಿದ್ದವಳು, ಸಂಜೆ ಆಣೆ ಎಣಿಸಿಕೊಂಡು ಜೋಳ ಕೊಳ್ಳುತ್ತಿದ್ದವಳು. ಹತ್ತಿಯ ಬೆಲೆ ಏರಿದರೆ ಹೊಲದವರಿಗೆ ಹಬ್ಬ. ಜೋಳದ ಬೆಲೆ ಏರಿದರೆ ಆಕೆಗೆ ಒಂದು ಹೊತ್ತಿನ ಉಪವಾಸ. ನನ್ನ ಮೂರನೇ ಅಧ್ಯಾಯದ ‘ದೇಶ’ದೊಳಗೆ ನಾನು ಆಕೆಯನ್ನು ಸೇರಿಸಿಯೇ ಇರಲಿಲ್ಲ.

ಹಾಗೆಂದು 18 ಪೆನ್ಸ್ ಆಕೆಯನ್ನು ಕಾಯಿತು ಎಂದೂ ಬರೆಯಲಾರೆ. 1929ರ ನಂತರದ ಆರ್ಥಿಕ ಕುಸಿತದಲ್ಲಿ ಬೆಳೆಯ ಬೆಲೆ ನೆಲಕಚ್ಚಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ನಂಟು ಬಿಟ್ಟಿತು. ರೂಪಾಯಿಯನ್ನು ಮಾತ್ರ ಪೌಂಡಿನ ಕಂಬಕ್ಕೆ ಅದೇ 18 ಪೆನ್ಸ್‌ನಲ್ಲಿ ಕಟ್ಟಿಹಾಕಲಾಯಿತು. ಕಷ್ಟಕ್ಕೆ ಸಿಕ್ಕ ಮನೆಗಳ ಒಡವೆ ಕರಗಿ ಚಿನ್ನ ಹಡಗು ಹತ್ತಿತು. ಹೊಲದವನಿಗೆ ದುಡ್ಡಿಲ್ಲದಾಗ ಕೂಲಿಯವಳಿಗೆ ಕೆಲಸವೂ ಇರುವುದಿಲ್ಲ. ಅಗ್ಗದ ಜೋಳ ಕೊಳ್ಳಲೂ ಕೈಯಲ್ಲಿ ಆಣೆ ಬೇಕು.

ಆ 18 ಪೆನ್ಸ್ ದರ ಸ್ವಾತಂತ್ರ್ಯದ ನಂತರವೂ ಉಳಿಯಿತು. 1949ರಲ್ಲಿ ಡಾಲರಿನೆದುರು ಪೌಂಡಿನ ಬೆಲೆ ಇಳಿಸಿದಾಗ ರೂಪಾಯಿಯೂ ಜೊತೆಗೇ ಇಳಿಯಿತು. ಹಾಗಾಗಿ ಪೌಂಡಿನ ಲೆಕ್ಕ ಕದಲಲಿಲ್ಲ. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಡಾಲರ್ 4.76ರಿಂದ 7.50 ರೂಪಾಯಿಗೂ, ಪೌಂಡ್ 13.33ರಿಂದ 21 ರೂಪಾಯಿಗೂ ಏರಿದಾಗಲೇ ಆ ಹಳೆಯ ಗಂಟು ಬಿಚ್ಚಿದ್ದು.

ಈಗಲೂ ರೂಪಾಯಿ ಕುಸಿದ ದಿನ ದೇಶದ ಮಾನ ಹೋಯಿತೆಂದು ಕೆಲವರು, ರಫ್ತಿಗೆ ಒಳ್ಳೆಯದಾಯಿತೆಂದು ಕೆಲವರು ಬರೆಯುತ್ತಾರೆ. ಇಬ್ಬರೂ ದೇಶ ಎಂಬ ಪದವನ್ನೇ ಬಳಸುತ್ತಾರೆ. ನಾನು ನನ್ನ ಅಧ್ಯಾಯದ ಆ ವಾಕ್ಯವನ್ನು ಹೊಡೆದುಹಾಕಿ, ರೈತ, ಕೂಲಿ, ಗಿರಣಿ ಮಾಲೀಕ, ಪಿಂಚಣಿದಾರ ಎಂದು ನಾಲ್ಕು ಸಾಲು ಮಾಡಿ ಬೇರೆ ಬೇರೆ ಲೆಕ್ಕ ಬರೆಯುತ್ತಿದ್ದೇನೆ. ಹಿಂದಿನ ಬೆಂಚಿನ ಆ ಹುಡುಗಿ ಮತ್ತೆ ಕೇಳಿದರೆ, ಕೇಳಿದ್ದು ‘ನಾವೇ’ ಹೌದಾ ಎಂದು ಮೊದಲು ಒಟ್ಟಿಗೆ ನೋಡೋಣ ಎನ್ನುತ್ತೇನೆ.